ರಾಯಕೋಟೆಯ ಮೇಲೆ ಉಪ್ಪಿನ ಹಳದಿ

ರಾಯಕೋಟೆ ಬೆಟ್ಟದ ಬಂಡೆಗೆ ಬೆನ್ನು ಕೊಟ್ಟು ಕೂತರೆ ಸಂಜೆ ಐದೂವರೆಗೂ ಅಂಗಿಯೊಳಗೆ ಬಿಸಿ ಹತ್ತುತ್ತದೆ. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗುತ್ತದೆ ಅನ್ನುತ್ತಾರಲ್ಲ, ಈ ಬಂಡೆಗೆ ಅದು ಒಂದು ತಿಂಗಳ ಮೊದಲೇ ಗೊತ್ತಾಗಿರಬೇಕು. ಹಗಲೆಲ್ಲ ಕುಡಿದ ಬಿಸಿಲನ್ನು ಇದು ಇನ್ನು ರಾತ್ರಿ ಎರಡರವರೆಗೂ ನಿಧಾನವಾಗಿ ಗಾಳಿಗೆ ಬಿಡುತ್ತಾ ಇರುತ್ತದೆ. ಬಿಸಿ ಗಾಳಿ ಮೇಲೇರುತ್ತದೆ, ತಣ್ಣನೆಯದು ಕೆಳಗಿಳಿಯುತ್ತದೆ, ನಡುವೆ ಸಿಕ್ಕಿದ ನಕ್ಷತ್ರದ ಬೆಳಕು ಸಾರಿನ ಮೇಲಿನ ಎಣ್ಣೆಯ ಹಾಗೆ ಅತ್ತಿತ್ತ ಆಡುತ್ತದೆ. ನಾವು ಅದನ್ನು ಮಿನುಗು ಅಂತ ಕರೆದು ಪದ್ಯ ಬರೆದೆವು. ಖಗೋಳ ವಿಜ್ಞಾನಿಗಳು ಅದನ್ನು ಶನಿ ಅಂತ ಬಗೆದು ಆಕಾಶಕ್ಕೆ ಲೇಸರ್ ಬಿಟ್ಟರು.

ಆ ಲೇಸರಿನ ಫೋಟೊಗಳ ಹುಚ್ಚು ನನಗೆ ಬಹಳ ವರ್ಷದ್ದು. ಬೆಟ್ಟದ ತುದಿಯಲ್ಲಿ ವೀಕ್ಷಣಾಲಯದ ಗುಮ್ಮಟ, ಗುಮ್ಮಟದ ಬಾಯಿಂದ ದಾರ ಎಳೆದ ಹಾಗೆ ನೆಟ್ಟಗೆ ಹೊರಟ ಹಳದಿ ಗೆರೆ, ಆ ಗೆರೆ ಮುಟ್ಟುವ ಕಡೆ ಆಕಾಶಗಂಗೆಯ ನಡುಭಾಗ. ಚಿಲಿ ದೇಶದ ಪರನಾಲ್‌ನಲ್ಲಿ 2010ರ ಆಗಸ್ಟಿನಲ್ಲಿ ಯೂರಿ ಬೆಲೆಟ್ಸ್ಕಿ ತೆಗೆದ ಅಂಥದೊಂದು ಚಿತ್ರ ಜಗತ್ತೆಲ್ಲ ಸುತ್ತಿ ಬಂದು ನನ್ನ ಫೋನಿನಲ್ಲೂ ಕೂತಿದೆ. ಚಿಲಿಗೆ ಹೋಗುವ ದುಡ್ಡಿಲ್ಲ. ಹೊಸೂರು ದಾಟಿ ರಾಯಕೋಟೆಗೆ ಬರುವುದಕ್ಕೆ ಒಂದು ಬೈಕು, ಒಂದು ಟ್ರೈಪಾಡು ಸಾಕು. ಹೇಗೂ ಜಾಗರಣೆಯ ರಾತ್ರಿ, ನಿದ್ದೆಗೆಟ್ಟರೆ ಮನೆಯಲ್ಲಿ ಯಾರೂ ಬೈಯುವುದಿಲ್ಲ.

ಬೆಂಗಳೂರಿನಿಂದ ಬರುವವರಿಗೆ ದಾರಿ ಸುಲಭ. ಅತ್ತಿಬೆಲೆ, ಹೊಸೂರು, ಅಲ್ಲಿಂದ ಹೆದ್ದಾರಿ ಬಿಟ್ಟು ಉದ್ದನಪಲ್ಲಿಯ ಮೇಲೆ ರಾಯಕೋಟೆ. ಸೇಲಂ ಕಡೆಯ ರೈಲೂ ಇಲ್ಲಿ ನಿಲ್ಲುತ್ತದೆ. ಊರಿಗೆ ಹೆಸರು ತಂದದ್ದು ಕೋಟೆ, ಅನ್ನ ಹಾಕುವುದು ಟೊಮೆಟೊ. ಮಂಡಿಯ ಹತ್ತಿರ ಬಣ್ಣಬಣ್ಣದ ಪ್ಲಾಸ್ಟಿಕ್ ಟ್ರೇಗಳ ಗೋಪುರ, ಒಡೆದ ಹಣ್ಣಿನ ಹುಳಿ ವಾಸನೆ, ಹಿಂದಕ್ಕೆ ಹಿಂದಕ್ಕೆ ಅಂತ ಕೂಗುವ ಹುಡುಗರು. ಕೂಗುವುದು ತಮಿಳಿನಲ್ಲಿ, ಲೆಕ್ಕ ತೆಲುಗಿನಲ್ಲಿ, ಜಗಳ ಕನ್ನಡದಲ್ಲಿ. ಇನ್ನೊಂದು ದಿನ ಇದೇ ಮೂರು ಅದಲುಬದಲಾಗಿ ಕೇಳಬಹುದು.

ಬೆಟ್ಟಕ್ಕೆ ಕಲ್ಲಿನ ಮೆಟ್ಟಿಲಿದೆ. ಒಂದಷ್ಟು ದೂರ ಸಲೀಸು, ಆಮೇಲೆ ಬರಿಯ ಬಂಡೆ. ಪಾಳುಬಿದ್ದ ಗೋಡೆಗಳು, ಮಳೆನೀರು ನಿಂತ ದೊಣೆ, ಮೇಲೆ ಹೋದಷ್ಟೂ ಗಾಳಿ. ಕೋಟೆ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ, ಹೊತ್ತು ಮುಳುಗುವ ಮೊದಲು ಇಳಿದುಬಿಡಬೇಕು. ಹಾಗಾಗಿ ಮೇಲಿರುವ ಒಂದು ಗಂಟೆಯಲ್ಲಿ ನಾನು ಫೋಟೊ ತೆಗೆಯಲಿಲ್ಲ, ದಿಕ್ಕು ಗುರುತು ಹಾಕಿಕೊಂಡೆ. ರಾತ್ರಿಯ ಫೋಟೊದಲ್ಲಿ ಅರ್ಧ ಕೆಲಸ ಹಗಲಲ್ಲೇ ಮುಗಿಯಬೇಕು.

ವಾಯವ್ಯಕ್ಕೆ ಹೊಸೂರು, ಸುಮಾರು 33 ಕಿಲೋಮೀಟರ್. ಅದೇ ಗೆರೆಯನ್ನು ಅಷ್ಟೇ ದೂರ ಇನ್ನೊಂದು ಸಲ ಎಳೆದರೆ ಬೆಂಗಳೂರು. ಅಂದರೆ ಎರಡು ಊರಿನ ದೀಪದ ಹೊಳಪು ಒಂದರ ಬೆನ್ನಿಗೆ ಒಂದು ನಿಂತಿರುತ್ತದೆ, ಆ ಕಡೆಯ ಆಕಾಶಕ್ಕೆ ಎಳ್ಳುನೀರು ಬಿಡಬೇಕು. ನೇರ ಪೂರ್ವಕ್ಕೆ 20 ಕಿಲೋಮೀಟರ್‌ನಲ್ಲಿ ಕೃಷ್ಣಗಿರಿ. ದಕ್ಷಿಣಕ್ಕೆ ಕೊಂಚ ಎಡಕ್ಕೆ ಧರ್ಮಪುರಿ. ಕೃಷ್ಣಗಿರಿಯ ಆಚೆ, ಅದೇ ಪೂರ್ವದ ಗೆರೆಯ ಮೇಲೆ, ಇಲ್ಲಿಂದ ಸುಮಾರು 85 ಕಿಲೋಮೀಟರ್‌ಗೆ ಜವಾದಿ ಬೆಟ್ಟಗಳಿವೆ. ಅಲ್ಲಿ ಕಾವಲೂರು. ಭೂಪಟದಲ್ಲಿ ರಾಯಕೋಟೆಯ ಮೇಲೆ ಸ್ಕೇಲ್ ಅಡ್ಡ ಇಟ್ಟರೆ ಅದು ಹೆಚ್ಚು ಕಡಿಮೆ ಕಾವಲೂರಿನ ವೇಣು ಬಾಪು ವೀಕ್ಷಣಾಲಯದ ಮೇಲೇ ಹಾಯುತ್ತದೆ. ಅಲ್ಲಿನ ದೊಡ್ಡ ದೂರದರ್ಶಕದ ನೆತ್ತಿಯ ಮೇಲೆ ಹಾದ ನಕ್ಷತ್ರ ಮೂರು ನಿಮಿಷದ ನಂತರ ಈ ಬಂಡೆಯ ನೆತ್ತಿಯ ಮೇಲೆ ಹಾಯುತ್ತದೆ. ಬೆಟ್ಟದ ಮೇಲೆ ಕೂತು ಈ ಲೆಕ್ಕ ಹಾಕಿದಾಗ ಸುಮ್ಮನೆ ಖುಷಿಯಾಯಿತು, ಇದರಿಂದ ಫೋಟೊಗೇನೂ ಉಪಯೋಗವಿಲ್ಲ.

ಈ ಕೋಟೆಗೂ ನಕ್ಷತ್ರಕ್ಕೂ ಇನ್ನೊಂದು ನಂಟಿದೆ. ಬಾರಾಮಹಲ್ ಅನ್ನುತ್ತಿದ್ದ ಈ ಸೀಮೆಯ ಕೋಟೆಗಳಲ್ಲಿ ಇದೂ ಒಂದು. 1791ರ ಜುಲೈನಲ್ಲಿ ಟಿಪ್ಪುವಿನ ಕೈತಪ್ಪಿ ಕಂಪನಿಯ ಪಾಲಾಯಿತು, ಮರುವರ್ಷದ ಶ್ರೀರಂಗಪಟ್ಟಣದ ಒಪ್ಪಂದ ಅದನ್ನು ಖಾಯಂ ಮಾಡಿತು. 1799ರ ಮಾರ್ಚ್ ಮೊದಲ ವಾರದಲ್ಲಿ ಜನರಲ್ ಹ್ಯಾರಿಸ್‌ನ ದಂಡು ವೆಲ್ಲೂರಿನಿಂದ ಬಂದು ಇಲ್ಲಿ ಬೀಡುಬಿಟ್ಟು, ಇಲ್ಲಿಂದಲೇ ಮೈಸೂರಿನ ಗಡಿ ದಾಟಿತು. ಆ ದಂಡಿನಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿ ಇದ್ದ. ಒಂದು ತಿಂಗಳ ನಂತರ, ಏಪ್ರಿಲ್ ಮೊದಲ ವಾರದ ಒಂದು ರಾತ್ರಿ, ಶ್ರೀರಂಗಪಟ್ಟಣದ ಹತ್ತಿರದ ಸುಲ್ತಾನ್‌ಪೇಟೆಯ ತೋಪಿನಲ್ಲಿ ಜನರಲ್ ಬೇರ್ಡ್‌ನ ತುಕಡಿ ಕತ್ತಲೆಯಲ್ಲಿ ದಾರಿ ತಪ್ಪಿತು. ಲ್ಯಾಂಬ್ಟನ್ ತಲೆ ಎತ್ತಿ ನಕ್ಷತ್ರ ನೋಡಿ, ನಾವು ಹೋಗುತ್ತಿರುವುದು ಉತ್ತರಕ್ಕೆ, ನೇರ ಟಿಪ್ಪುವಿನ ಪಾಳೆಯಕ್ಕೆ ಅಂದ. ನಕ್ಷತ್ರ ಕೇಳಿ ದಾರಿ ತಿಳಿಯುವ ಗತಿ ನನಗೆ ಬಂದಿಲ್ಲ ಎಂಬ ಧಾಟಿಯಲ್ಲಿ ಜನರಲ್ ಗದರಿದನಂತೆ. ಕೊನೆಗೆ ನಕ್ಷತ್ರವೇ ಸರಿ ಅಂತಾಯಿತು. ಇದೇ ಲ್ಯಾಂಬ್ಟನ್ ಮೂರು ವರ್ಷದ ನಂತರ ಇಡೀ ಭಾರತವನ್ನು ತ್ರಿಕೋನ ತ್ರಿಕೋನವಾಗಿ ಅಳೆಯುವ ಮಹಾ ಸರ್ವೆಯನ್ನು ಶುರುಮಾಡಿದ. ಚುಕ್ಕಿ ನೋಡಿ ದಾರಿ ಹಿಡಿಯುವವನ ಕಾಲಿಗೆ ಈ ಮಣ್ಣು ಅಂಟಿತ್ತು ಅನ್ನುವುದು ನನಗೆ ರಾಯಕೋಟೆಯ ಎಲ್ಲ ಯುದ್ಧಕ್ಕಿಂತ ಹೆಚ್ಚು.

ಲೇಸರ್ ಗೈಡ್ ಸ್ಟಾರ್ ಕೂಡ ದಾರಿ ತೋರುವ ಚುಕ್ಕಿಯೇ, ಆದರೆ ಮನುಷ್ಯರೇ ಮಾಡಿಟ್ಟ ಚುಕ್ಕಿ. ಗಾಳಿ ನಕ್ಷತ್ರದ ಬೆಳಕನ್ನು ಕಲಕುತ್ತದಲ್ಲ, ಅದು ಎಷ್ಟು ಕಲಕಿತು ಅಂತ ಅಳೆದು, ಅಷ್ಟನ್ನೇ ಉಲ್ಟಾ ಬಾಗಿಸುವ ಕನ್ನಡಿ ಇಟ್ಟರೆ ಚಿತ್ರ ಸರಿಹೋಗುತ್ತದೆ. ಈ ಉಪಾಯವನ್ನು ಖಗೋಳ ವಿಜ್ಞಾನಿ ಹೊರೇಸ್ ಬಾಬ್‌ಕಾಕ್ 1953ರಲ್ಲೇ ಹೇಳಿದ್ದರು. ಅಳೆಯುವುದಕ್ಕೆ ಪಕ್ಕದಲ್ಲಿ ಒಂದು ಹೊಳೆಯುವ ನಕ್ಷತ್ರ ಬೇಕು, ಅದು ಬೇಕಾದ ಕಡೆಯಲ್ಲೆಲ್ಲ ಇರುವುದಿಲ್ಲ. ಇಲ್ಲದಿದ್ದರೆ ಮಾಡಿಕೊಂಡರಾಯಿತು ಅಂತ 1985ರಲ್ಲಿ ಫ್ರಾನ್ಸಿನ ಫಾಯ್ ಮತ್ತು ಲಾಬೆರಿ ಬರೆದರು. ಅಮೆರಿಕದ ಮಿಲಿಟರಿಯವರು ಅದಕ್ಕೂ ಮೊದಲೇ ಇದನ್ನು ಗುಟ್ಟಾಗಿ ಮಾಡಿ ನೋಡಿದ್ದರು, ಗುಟ್ಟು ಬಿಟ್ಟದ್ದು 1991ರಲ್ಲಿ.

ಚುಕ್ಕಿ ಮಾಡುವುದು ಯಾವುದರಿಂದ? ಅಡುಗೆಮನೆಯಲ್ಲಿ ಸಾರು ಉಕ್ಕಿ ಗ್ಯಾಸ್ ಒಲೆಗೆ ಬಿದ್ದಾಗ ನೀಲಿ ಉರಿ ಸರ್ರನೆ ಹಳದಿಯಾಗುವುದನ್ನು ನೋಡಿರುತ್ತೀರಿ. ಅದು ಉಪ್ಪಿನಲ್ಲಿರುವ ಸೋಡಿಯಂ. ಬಿಸಿಯಾದರೂ ಸರಿ, ಅದೇ ಬಣ್ಣದ ಬೆಳಕು ತಾಗಿದರೂ ಸರಿ, ಸೋಡಿಯಂ 589 ನ್ಯಾನೊಮೀಟರಿನ ಆ ಒಂದು ಹಳದಿಯನ್ನು ಉಗುಳುತ್ತದೆ. ಭೂಮಿಯ ಮೇಲೆ ಸುಮಾರು 90 ಕಿಲೋಮೀಟರ್ ಎತ್ತರದಲ್ಲಿ ಸೋಡಿಯಂ ಪರಮಾಣುಗಳ ತೆಳ್ಳನೆಯ ಪದರ ಒಂದಿದೆ. ಬೀಳುವ ಉಲ್ಕೆಗಳು ಉರಿದು ಬಿಟ್ಟುಹೋದದ್ದು. ಇಡೀ ಭೂಮಿಯ ಸುತ್ತಲಿನದನ್ನು ಗುಡಿಸಿ ಒಟ್ಟುಮಾಡಿದರೂ ಒಂದು ಟನ್ ಆಗುವುದಿಲ್ಲ. ರಾಯಕೋಟೆ ಮಂಡಿಯಿಂದ ಹೊರಡುವ ಒಂದು ಪಿಕಪ್ ಗಾಡಿಯ ಟೊಮೆಟೊ ಅದಕ್ಕಿಂತ ಹೆಚ್ಚು ತೂಗುತ್ತದೆ. ಅಷ್ಟು ಕಡಿಮೆ ಉಪ್ಪಿಗೆ ಕೆಳಗಿನಿಂದ ಹಳದಿ ಲೇಸರ್ ಬಿಟ್ಟರೆ ಅದು ಮೇಲೆ ಮಿಣಕ್ಕನೆ ಹೊಳೆಯುತ್ತದೆ. ಅದೇ ಲೇಸರ್ ತಾರೆ. ಪರನಾಲ್‌ನ ಒಂದು ದೂರದರ್ಶಕಕ್ಕೆ 2016ರ ಏಪ್ರಿಲಿನಲ್ಲಿ ಇಂಥ ನಾಲ್ಕು ಲೇಸರ್ ಹೂಡಿದರು, ಒಂದೊಂದೂ 22 ವ್ಯಾಟ್, 30 ಸೆಂಟಿಮೀಟರ್ ದಪ್ಪದ ಕಿರಣ. ಬೆಳಕನ್ನು ತಿದ್ದುವ ಕನ್ನಡಿ ಒಂದು ಮೀಟರಿಗಿಂತ ತುಸು ಅಗಲ, ದಪ್ಪ ಎರಡು ಮಿಲಿಮೀಟರೂ ಇಲ್ಲ. ಬೆನ್ನಿಗೆ 1170 ಪುಟ್ಟ ಕೈಗಳು ಕೂತು ಸೆಕೆಂಡಿಗೆ ನೂರಾರು ಸಲ ಅದನ್ನು ತಳ್ಳಿ ಎಳೆದು ಮಾಡುತ್ತವೆ.

ರಾಯಕೋಟೆಯಲ್ಲಾಗಲಿ ಕಾವಲೂರಿನಲ್ಲಾಗಲಿ ಇಂಥ ಹಳದಿ ಗೆರೆ ಕಾಣುತ್ತದೆ ಅಂತ ಓದುಗರನ್ನು ಮರುಳು ಮಾಡುವುದಿಲ್ಲ. ಕಾವಲೂರಿನ ಹಿರಿಮೆ ಬೇರೆ. ಕೊಡೈಕೆನಾಲಿನ ವೀಕ್ಷಣಾಲಯದ ಮಂಜು ಮೋಡ ಸಾಕಾಗಿ ಖಗೋಳ ವಿಜ್ಞಾನಿ ವೇಣು ಬಾಪು ಹುಡುಕಿ ಹುಡುಕಿ ಆರಿಸಿದ ಜಾಗ ಅದು. 1968ರಲ್ಲಿ 38 ಸೆಂಟಿಮೀಟರಿನ ಸಣ್ಣ ದೂರದರ್ಶಕದಿಂದ ಶುರು. 1977ರ ಮಾರ್ಚ್ 10ರಂದು ಯುರೇನಸ್ ಒಂದು ನಕ್ಷತ್ರಕ್ಕೆ ಅಡ್ಡ ಬರುವ ಮೊದಲೇ ನಕ್ಷತ್ರ ಮಂಕಾದದ್ದನ್ನು ಅಲ್ಲಿನ ಒಂದು ಮೀಟರ್ ದೂರದರ್ಶಕ ಹಿಡಿಯಿತು. ಯುರೇನಸ್‌ಗೆ ಉಂಗುರವಿದೆ ಎಂಬುದಕ್ಕೆ ಜಗತ್ತಿಗೆ ಸಿಕ್ಕ ಸಾಕ್ಷಿಗಳಲ್ಲಿ ಅದೂ ಒಂದು. 1986ರ ಜನವರಿಯಲ್ಲಿ 2.34 ಮೀಟರಿನ ದೊಡ್ಡ ಕನ್ನಡಿ ಬಂತು, ಬಾಪು ಅದನ್ನು ನೋಡಲು ಉಳಿದಿರಲಿಲ್ಲ. ಲೇಸರ್ ಇಲ್ಲದಿದ್ದರೂ ಮಿನುಗನ್ನು ತಿದ್ದುವ ಕೆಲಸ ಅಲ್ಲೂ ನಡೆದಿದೆ. 1.3 ಮೀಟರ್ ದೂರದರ್ಶಕಕ್ಕೆ ನಕ್ಷತ್ರದ ಓಲಾಟವನ್ನಷ್ಟೇ ಸರಿಪಡಿಸುವ ವಾಲುಗನ್ನಡಿ ಜೋಡಿಸಿ ನೋಡಿದ್ದಾರೆ. ಇದು ಸಣ್ಣ ಕೆಲಸವಲ್ಲ. ಲೇಸರ್ ಹೋದ ದಾರಿಯಲ್ಲೇ ವಾಪಸು ಬರುವುದರಿಂದ ಒಟ್ಟಾರೆ ಓಲಾಟ ಅದಕ್ಕೆ ಗೊತ್ತೇ ಆಗುವುದಿಲ್ಲ, ಅದಕ್ಕೊಂದು ನಿಜವಾದ ನಕ್ಷತ್ರವೇ ಬೇಕು. ಕೋಟಿಗಟ್ಟಲೆ ಸುರಿದ ಲೇಸರೂ ಕೊನೆಗೆ ದೇವರು ಇಟ್ಟ ಒಂದು ಚುಕ್ಕಿಯ ಕೈಹಿಡಿಯಲೇಬೇಕು.

ಹಳದಿ ಲೇಸರ್ ನಮ್ಮ ಸುತ್ತಮುತ್ತ ಇಲ್ಲವೇ ಇಲ್ಲ ಅಂತಲೂ ಅಲ್ಲ. ತಿರುಪತಿ ಹತ್ತಿರದ ಗಾದಂಕಿಯ ವಾತಾವರಣ ಪ್ರಯೋಗಾಲಯದವರು ಇದೇ ಬಣ್ಣದ ಲೇಸರ್ ಬಿಟ್ಟು ಇದೇ ಸೋಡಿಯಂ ಪದರವನ್ನು ಅಳೆದಿದ್ದಾರೆ. ಅವರಿಗೆ ಬೇಕಾದದ್ದು ನಕ್ಷತ್ರವಲ್ಲ, ಆ ಎತ್ತರದ ಗಾಳಿಯ ಸುದ್ದಿ. ಇನ್ನು ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ, ಭಾರತೀಯ ಖಭೌತ ಸಂಸ್ಥೆಯ ಆವರಣದಲ್ಲಿ, ಮೂವತ್ತು ಮೀಟರ್ ದೂರದರ್ಶಕಕ್ಕೆ ಕನ್ನಡಿಯ ತುಂಡುಗಳನ್ನು ಉಜ್ಜಿ ಹೊಳಪು ಕೊಡುವ ಕಾರ್ಯಾಗಾರ ಎದ್ದಿದೆ. ಅಂಥ 492 ತುಂಡು ಕೂಡಿ ಒಂದು ಕನ್ನಡಿ. ಅದು ಎದ್ದು ನಿಂತರೆ ಅದರ ತಲೆಯ ಮೇಲೂ ಹಳದಿ ಗೆರೆಗಳು ಏಳುತ್ತವೆ.

ಹೊತ್ತು ಮುಳುಗುವ ಮೊದಲೇ ಇಳಿದೆ. ಬೆಟ್ಟದ ವಾಯವ್ಯಕ್ಕೆ ಒಂದು ಹೊಲದ ಮೋಟಾರು ಮನೆಯ ತಾರಸಿಯನ್ನು ಮಧ್ಯಾಹ್ನವೇ ಗೊತ್ತುಮಾಡಿಕೊಂಡಿದ್ದೆ. ಅಲ್ಲಿಂದ ನೋಡಿದರೆ ಬೆಟ್ಟ ಆಗ್ನೇಯಕ್ಕೆ ಬರುತ್ತದೆ, ಬೆಳಗಿನ ಜಾವ ಆಕಾಶಗಂಗೆಯ ನಡುಭಾಗ ಏಳುವುದೂ ಅದೇ ದಿಕ್ಕಿನಲ್ಲಿ. ಹೊಲದ ಯಜಮಾನರು ಅರುವತ್ತು ದಾಟಿದವರು, ಮನೆಮಾತು ಕನ್ನಡ.

"ಕತ್ಲಲ್ಲಿ ಏನ್ ಫೋಟೊ ತಗೀತೀರ ಸಾರ್, ಫ್ಲಾಸು ಬ್ಯಾಡ್ವಾ?"

"ಬೇಡಣ್ಣ. ಇರೋ ಬೆಳಕೇ ಹೆಚ್ಚಾಗಿದೆ."

ಅವರು ನಂಬಲಿಲ್ಲ. ಆದರೆ ಮಾತು ನಿಜ. ಪಕ್ಕದ ಹೊಲದಲ್ಲಿ ಸೇವಂತಿಗೆಗೆ ಬಲ್ಬು ಹಾಕಿದ್ದರು. ತಂತಿ ಎಳೆದು ಸಾಲಾಗಿ ನೇತುಹಾಕಿದ ಬಲ್ಬುಗಳು, ಮದುವೆ ಚಪ್ಪರದ ಹಾಗೆ. ಸೇವಂತಿಗೆ ರಾತ್ರಿ ಉದ್ದವಾದಾಗ ಮೊಗ್ಗು ಬಿಡುವ ಗಿಡ. ರಾತ್ರಿ ಕೆಲವು ಗಂಟೆ ದೀಪ ಹಾಕಿದರೆ ಗಿಡಕ್ಕೆ ಇನ್ನೂ ಹೊತ್ತಿದೆ ಎಂಬ ಭ್ರಮೆ, ಹೂ ಬಿಡದೆ ಕಾಂಡ ಬೆಳೆಸಿಕೊಳ್ಳುತ್ತದೆ. ಹಬ್ಬದ ಲೆಕ್ಕ ನೋಡಿಕೊಂಡು ದೀಪ ಆರಿಸಿದರೆ ರೇಟು ಇರುವ ವಾರಕ್ಕೆ ಹೂ. ಗಿಡಕ್ಕೆ ಮಾಡುವ ಮೋಸ ನನ್ನ ಕ್ಯಾಮೆರಾಕ್ಕೂ ಆಯಿತು, ಮೊದಲ ಚಿತ್ರದಲ್ಲಿ ಆಕಾಶದ ಕೆಳಗಂಚು ಹಾಲು ಚೆಲ್ಲಿದ ಹಾಗೆ ಬಂತು. ದೀಪ ಆರುವವರೆಗೆ ಕಾಯುವುದು ಬಿಟ್ಟು ದಾರಿಯಿಲ್ಲ. ಅವರ ಹೊಟ್ಟೆಪಾಡು ನನ್ನ ಶೋಕಿಗಿಂತ ದೊಡ್ಡದು.

ಎಂಟು ಗಂಟೆಯ ಹೊತ್ತಿಗೆ ದಕ್ಷಿಣದಲ್ಲಿ ಅಗಸ್ತ್ಯ ಸರಿಯಾಗಿ ನೆತ್ತಿರೇಖೆಗೆ ಬಂದಿತ್ತು. ದಿಗಂತದಿಂದ ಇಪ್ಪತ್ತೈದು ಡಿಗ್ರಿಯೂ ಇಲ್ಲ, ಬೇಲಿಯ ತೆಂಗಿನ ಮರಕ್ಕೆ ತಗುಲಿದ ಹಾಗೆ. ಬಿಳಿ, ಕೆಂಪು, ಮತ್ತೆ ಬಿಳಿ ಅಂತ ಅದು ಚಡಪಡಿಸುತ್ತಿತ್ತು. ತಲೆಯ ಮೇಲಿದ್ದ ಮಹಾವ್ಯಾಧನ ಚುಕ್ಕಿಗಳು ಅಷ್ಟು ಕುಣಿಯುತ್ತಿರಲಿಲ್ಲ. ಕೆಳಗಿನ ನಕ್ಷತ್ರದ ಬೆಳಕು ಹೆಚ್ಚು ಗಾಳಿ ದಾಟಿ ಬರಬೇಕು. ದೊಡ್ಡ ದೂರದರ್ಶಕಗಳವರು ತಗ್ಗಿನಲ್ಲಿರುವ ನಕ್ಷತ್ರದ ಗೊಡವೆಗೆ ಹೋಗದಿರುವುದು ಇದಕ್ಕೇ.

ಕ್ಯಾಮೆರಾದ ವಿಷಯ ಕೇಳುವವರಿಗೆ ನಾಲ್ಕು ಮಾತು. 20 ಎಂಎಂ ಲೆನ್ಸು, ಎಫ್ 2.8, ಐಎಸ್‌ಒ 3200, 20 ಸೆಕೆಂಡು. 500ನ್ನು ಲೆನ್ಸಿನ ಎಂಎಂನಿಂದ ಭಾಗಿಸಿದರೆ ನಕ್ಷತ್ರ ಗೆರೆಯಾಗದೆ ಚುಕ್ಕಿಯಾಗಿಯೇ ಉಳಿಯುವಷ್ಟು ಸೆಕೆಂಡು ಸಿಗುತ್ತದೆ ಅನ್ನುವುದು ಹಳೆಯ ಲೆಕ್ಕ, ಅದಕ್ಕಿಂತ ಸ್ವಲ್ಪ ಕಡಿಮೆ ಇಟ್ಟುಕೊಳ್ಳಿ. ಫೋಕಸ್ಸನ್ನು ಒಂದು ದೊಡ್ಡ ನಕ್ಷತ್ರದ ಮೇಲೆ ಕೈಯಲ್ಲೇ ಹಿಡಿದು, ಉಂಗುರ ಅಲುಗದಂತೆ ಟೇಪು ಅಂಟಿಸಿ. ನಾನು ಅಂಟಿಸಿರಲಿಲ್ಲ, ಹತ್ತೂವರೆಯಿಂದ ಹನ್ನೊಂದರವರೆಗಿನ ಚಿತ್ರಗಳಲ್ಲಿ ಸಪ್ತರ್ಷಿಗಳೆಲ್ಲ ಬೋಂಡಾ ಆಗಿದ್ದಾರೆ.

ಇನ್ನೊಂದು ತಮಾಷೆ. ಕೃಷ್ಣಗಿರಿ ಕಡೆಯ ಹಳದಿ ಹೊಳಪು ಅಡಗಲಿ ಅಂತ ಡಿಡಿಮಿಯಂ ಗಾಜಿನ ಫಿಲ್ಟರೊಂದನ್ನು ದುಡ್ಡು ಕೊಟ್ಟು ತಂದಿದ್ದೆ. ಬೀದಿಯ ಹಳೆಯ ಸೋಡಿಯಂ ದೀಪದ ಹಳದಿಯನ್ನು ಅದು ನುಂಗುತ್ತದೆ, ಉಳಿದ ಬಣ್ಣಗಳನ್ನು ಬಿಡುತ್ತದೆ. ಗಾಜು ಊದುವ ಕೆಲಸದವರು ಉರಿಯ ಹಳದಿ ಕಣ್ಣಿಗೆ ಅಡ್ಡ ಬಾರದಿರಲಿ ಅಂತ ಹಾಕಿಕೊಳ್ಳುವ ಕನ್ನಡಕದ ಗಾಜೂ ಅದೇ. ಲೆನ್ಸಿಗೆ ತಿರುಗಿಸುವಾಗ ಹೊಳೆಯಿತು. ಇದನ್ನು ಹಾಕಿಕೊಂಡು ನಾನು ಪರನಾಲ್‌ಗೆ ಹೋಗಿದ್ದರೆ ಗುಮ್ಮಟ ಬರುತ್ತಿತ್ತು, ಆಕಾಶಗಂಗೆ ಬರುತ್ತಿತ್ತು, ಲೇಸರ್ ಒಂದು ಮಾತ್ರ ಮಂಗಮಾಯ. ಬೀದಿದೀಪದ ಹಳದಿ, ಒಲೆಯ ಹಳದಿ, ಲೇಸರಿನ ಹಳದಿ ಮೂರೂ ಒಂದೇ ಉಪ್ಪಿನ ಬಣ್ಣ. ಕೆಳಗಿದ್ದರೆ ಕೊಳೆ, ಮೇಲಿದ್ದರೆ ತಾರೆ. ಅಂದಹಾಗೆ ಫಿಲ್ಟರಿನಿಂದ ದೊಡ್ಡ ಉಪಕಾರವೇನೂ ಆಗಲಿಲ್ಲ, ಬೀದಿಗಳಿಗೆಲ್ಲ ಈಗ ಬಿಳಿ ಎಲ್‌ಇಡಿ ಬಂದಿದೆ, ಅದನ್ನು ನುಂಗುವ ಗಾಜಿಲ್ಲ.

ಹನ್ನೊಂದೂಕಾಲರ ಚಿತ್ರದಲ್ಲಿ ಕೋಟೆಯ ಎಡಕ್ಕೆ ನಾಲ್ಕು ಗೆರೆಗಳು ಆಕಾಶಕ್ಕೆ ಏರಿದ್ದವು. ಎದೆ ಧಸಕ್ಕಂತು. ಕಣ್ಣಿಗೆ ಕಾಣದ್ದನ್ನು ಕ್ಯಾಮೆರಾ ಹಿಡಿದಿದೆ! ಮುಂದಿನ ಚಿತ್ರದಲ್ಲಿ ಗೆರೆ ನೇರಳೆಯಾಯಿತು, ಅದರ ಮುಂದಿನದರಲ್ಲಿ ಗಿರಗಿರನೆ ತಿರುಗಿ ಬೀಸಣಿಗೆಯಾಯಿತು. ಅಷ್ಟರಲ್ಲಿ ಗಾಳಿ ತಿರುಗಿ ಹಾಡು ಕೇಳಿತು. ಶಿವರಾತ್ರಿಯ ಆರ್ಕೆಸ್ಟ್ರಾ, ವೇದಿಕೆಯ ಶಾರ್ಪಿ ಲೈಟು.

ನಿಜವಾದ ಲೇಸರ್ ತಾರೆಯ ಚಿತ್ರದಲ್ಲಿ ಗೆರೆ ಬೇರೆ ಥರ. ಶಾರ್ಪಿಯ ಬೆಳಕು ದೂಳಿನಲ್ಲಿ ಅಗಲವಾಗಿ ಹರಡುತ್ತದೆ. ಲೇಸರ್ ಕೊನೆಯವರೆಗೂ ದಾರದಷ್ಟೇ ಸಣ್ಣ. ಗೆರೆಯಾಗಿ ಕಾಣುವುದು ಬುಡದ ಗಾಳಿ ಚೆದುರಿಸಿದ ಬೆಳಕು. ಮೇಲೆ ಹೋದಂತೆ ಗಾಳಿ ತೆಳುವಾಗಿ ಗೆರೆ ಮಾಯವಾಗುತ್ತದೆ, ನಡುವೆ ಖಾಲಿ, ಆಮೇಲೆ 90 ಕಿಲೋಮೀಟರ್ ಮೇಲೆ ಉಪ್ಪಿನ ಹೊಳಪು. ವೀಕ್ಷಣಾಲಯದ ಬೆಟ್ಟದಿಂದ ಕೆಲವು ಕಿಲೋಮೀಟರ್ ದೂರ ನಿಂತು ಟೆಲಿಲೆನ್ಸಿನಲ್ಲಿ ತೆಗೆದರೆ ಗೆರೆ ಮುಗಿದ ಮೇಲೆ ಒಂದು ಸಣ್ಣ ಹಳದಿ ಚೂರು ಬೇರೆಯಾಗಿ ನಿಂತಿರುವುದು ಸಿಗುತ್ತದೆ. ಹೆಚ್ಚಿನ ಛಾಯಾಗ್ರಾಹಕರು ಗೆರೆಯ ಫೋಟೊ ತೆಗೆದು ತಾರೆಯ ಫೋಟೊ ಅಂತ ಹಾಕುತ್ತಾರೆ, ತಾರೆ ಆ ಚೂರು ಮಾತ್ರ. ಕ್ಯಾಮೆರಾವನ್ನು ಒಂದು ಗಂಟೆ ತೆರೆದಿಟ್ಟರೆ ಇನ್ನೊಂದು ಚೋದ್ಯ. ದೂರದರ್ಶಕ ನಕ್ಷತ್ರದ ಹಿಂದೆ ತಿರುಗುತ್ತಾ ಹೋಗುವುದರಿಂದ ಗೆರೆಯೂ ತಿರುಗಿ ಹಳದಿ ಪರದೆ ಎಳೆದಂತಾಗುತ್ತದೆ. ವಿಮಾನ ಹತ್ತಿರ ಬಂದರೆ ಲೇಸರ್ ಆರಿಸಬೇಕು, ಹಾಗಾಗಿ ಪರದೆಯಲ್ಲಿ ಅಲ್ಲಲ್ಲಿ ಸೀಳು. ಇಂಥ ವೀಕ್ಷಣಾಲಯಗಳಿಗೆ ಹೋಗುವವರು ಫ್ಲಾಶು, ಹೆಡ್‌ಲೈಟು, ಬಿಳಿ ಟಾರ್ಚು ಎಲ್ಲ ಬಿಟ್ಟು ಹೋಗಬೇಕು, ನಡೆಯಲು ಕೆಂಪು ದೀಪ ಒಂದೇ.

ಹನ್ನೆರಡಾದ ಮೇಲೆ ಸೇವಂತಿಗೆಯ ಬಲ್ಬು ಆರಿತು. ಒಂದೂವರೆಗೆ ಆರ್ಕೆಸ್ಟ್ರಾ ನಿಂತಿತು. ಆಮೇಲಿನ ಕತ್ತಲು ಬೆಂಗಳೂರಿನವನಿಗೆ ದೊಡ್ಡ ಉಡುಗೊರೆ, ಲಡಾಖಿನ ಹಾನ್ಲೆಯಲ್ಲಿ ಆಕಾಶ ನೋಡಿ ಬಂದವನಿಗೆ ಬರಿಯ ಮುಸ್ಸಂಜೆ. ಎರಡೂವರೆಗೆ ತ್ರಿಶಂಕು ಧರ್ಮಪುರಿಯ ಹೊಳಪಿನ ಮೇಲೆ ನೆಟ್ಟಗೆ ನಿಂತಿತು. ಬೆನ್ನ ಹಿಂದಿನ ಹೊಸೂರು ಬೆಂಗಳೂರುಗಳ ಕೆಂಬಿಳಿ ಬೆಳಕು ಬೆಟ್ಟದ ಮುಖಕ್ಕೆ ತೆಳುವಾಗಿ ಬಿದ್ದು ಬಂಡೆಯ ಒಂದೊಂದು ಸೀಳೂ ಮೂಡಿತ್ತು. ತಿಂಗಳ ಬೆಳಕು ಮಾಡಬೇಕಾದ ಕೆಲಸವನ್ನು ಊರಿನ ಕೊಳಕು ಬೆಳಕು ಮಾಡಿಕೊಟ್ಟಿತು, ಬೈದದ್ದನ್ನು ಅಷ್ಟರಮಟ್ಟಿಗೆ ವಾಪಸು ತೆಗೆದುಕೊಂಡೆ.

ಮೂರೂವರೆಗೆ ಯಜಮಾನರು ಫ್ಲಾಸ್ಕಿನಲ್ಲಿ ಟೀ ತಂದರು. ಕೈಯಲ್ಲಿ ಉದ್ದನೆಯ ಟಾರ್ಚು. ಈ ಕಡೆ ಆನೆ ಹೊಲಕ್ಕೆ ಇಳಿಯುತ್ತದೆ, ಕಣ್ಣು ಕೋರೈಸುವ ಟಾರ್ಚಿಲ್ಲದೆ ಯಾರೂ ರಾತ್ರಿ ಹೊರಗೆ ಕಾಲಿಡುವುದಿಲ್ಲ. ಫೋನಿನಲ್ಲಿ ಪರನಾಲ್‌ನ ಚಿತ್ರ ತೋರಿಸಿದೆ. ಬಹಳ ಹೊತ್ತು ನೋಡಿದರು.

"ಇದು ಬೆಳಕು ಬಿಟ್ಟು ಏನ್ ಹುಡುಕ್ತಾರೆ?"

ಆಕಾಶಗಂಗೆಯ ನಡುವಿನಲ್ಲಿ, ಮೂಲಾ ನಕ್ಷತ್ರದ ಪಕ್ಕಕ್ಕೆ, ಒಂದು ಕಪ್ಪುಕುಳಿ ಇದೆ ಅಂದೆ. ಸೂರ್ಯನ ನಲವತ್ತು ಲಕ್ಷದಷ್ಟು ತೂಕ. ಅದನ್ನು ನೋಡಲಾಗದು, ಸುತ್ತಲಿನ ನಕ್ಷತ್ರಗಳ ಓಟ ನೋಡಿ ತಿಳಿದರು, ಅದರಲ್ಲೊಂದು 16 ವರ್ಷಕ್ಕೆ ಒಂದು ಸುತ್ತು ಬರುತ್ತದೆ. ಅಷ್ಟು ದೂರದ್ದು ಕಲಸಿಹೋಗದೆ ಕಾಣಲಿ ಅಂತ ಈ ಹಳದಿ ದಾರ. ಚಿಲಿಯಲ್ಲಿ ನೋಡಿದ ಗೆನ್ಝೆಲ್‌ಗೂ ಹವಾಯಿಯಲ್ಲಿ ನೋಡಿದ ಆಂಡ್ರಿಯಾ ಗೆಝ್‌ಗೂ 2020ರಲ್ಲಿ ನೊಬೆಲ್ ಬಂತು.

"ಮೂಲಾ ನಕ್ಷತ್ರಾನಾ? ನಮ್ ಸೊಸೇದು ಅದೇ. ಮಾವನಿಗೆ ಆಗಲ್ಲ ಅಂದಿದ್ರು." ನಕ್ಕರು. "ಹದಿನಾರ್ ವರ್ಸ ಆಯ್ತು, ಗುಂಡುಕಲ್ಲಂಗೆ ಇವ್ನಿ."

ನಾಲ್ಕೂವರೆಗೆ ಕೋಟೆಯ ಹಿಂದಿನಿಂದ ಆಕಾಶಗಂಗೆ ಎದ್ದು ನಿಂತಿತ್ತು. ಚೇಳಿನ ಬಾಲ, ಅದರ ಎಡಕ್ಕೆ ದಟ್ಟನೆಯ ಹೊಗೆ. ಕಣ್ಣಿಗೆ ಅಷ್ಟಕ್ಕಷ್ಟೆ, ಕ್ಯಾಮೆರಾಕ್ಕೆ ಸಾಕು. ನಾನು ಬಟನ್ ಒತ್ತಿದೆ. ಯಜಮಾನರು ಹೇಳದೆ ಕೇಳದೆ ತಾರಸಿಯ ಅಂಚಿಗೆ ಹೋಗಿ ಟಾರ್ಚನ್ನು ಎರಡು ಕೈಯಲ್ಲಿ ಹಿಡಿದು ನೇರ ಆ ಹೊಗೆಯ ಕಡೆ ಬಿಟ್ಟರು. ಇಪ್ಪತ್ತು ಸೆಕೆಂಡು ಅಲುಗಲಿಲ್ಲ. ಆನೆಗೆ ಟಾರ್ಚು ಹಿಡಿದು ರೂಢಿಯಾದ ಕೈ.

ಆ ಚಿತ್ರ ನನ್ನ ಹತ್ತಿರ ಇದೆ. ಬೆಳಕು ಹಳದಿಯಲ್ಲ, ಬಿಳಿ. ಬುಡದಲ್ಲಿ ದಪ್ಪ, ಮೇಲೆ ಹೋದಂತೆ ಅಗಲ, ಕೋಟೆಯ ಗೋಡೆಗಿಂತ ತುಸು ಮೇಲಕ್ಕೆ ಹೋಗಿ ಅಳಿಸಿಹೋಗುತ್ತದೆ. ಬುಡದ ಹತ್ತಿರ ಹಾರುವ ಹುಳಗಳು ಸಣ್ಣ ಸಣ್ಣ ಗೀರಾಗಿ ಮೂಡಿವೆ. ಟಾರ್ಚು ತೋರಿಸುವ ದಿಕ್ಕು ಮಾತ್ರ ಕೂದಲೆಳೆಯಷ್ಟೂ ತಪ್ಪಿಲ್ಲ.

ಹೋಗಬೇಕೆನ್ನುವವರಿಗೆ: ರಾಯಕೋಟೆಗೆ ಅಮಾವಾಸ್ಯೆಯ ಆಚೀಚೆ, ಫೆಬ್ರುವರಿಯಿಂದ ಏಪ್ರಿಲ್ ಒಳಗೆ ಹೋಗಿ. ಕೋಟೆಯನ್ನು ಹಗಲು ನೋಡಿ, ರಾತ್ರಿಗೆ ಊರಿನವರ ಒಪ್ಪಿಗೆ ಕೇಳಿ ಕೆಳಗೆ ನಿಲ್ಲಿ. ಆನೆಯ ಸುದ್ದಿ ವಿಚಾರಿಸದೆ ಹೊಲಕ್ಕೆ ಇಳಿಯಬೇಡಿ. ಕಾವಲೂರಿನ ವೀಕ್ಷಣಾಲಯಕ್ಕೆ ಶನಿವಾರ ಸಾರ್ವಜನಿಕರನ್ನು ಬಿಡುತ್ತಾರೆ, ಹೊರಡುವ ಮೊದಲು ಒಮ್ಮೆ ಕೇಳಿಕೊಳ್ಳಿ. ನಕ್ಷತ್ರ ತೋರಿಸಲು ಅಂತ ಆನ್‌ಲೈನಿನಲ್ಲಿ ಸಿಗುವ ಹಸಿರು ಲೇಸರ್ ಪೆನ್ನನ್ನು ದಯವಿಟ್ಟು ಮನೆಯಲ್ಲೇ ಬಿಡಿ. ಮೇಲೆ ಹಾರುವ ವಿಮಾನದ ಪೈಲಟ್‌ನ ಕಣ್ಣಿಗೆ ಅದು ತಾಗುತ್ತದೆ.